ತೋರ್ತೋಲಾಸ್ ತಿರುವಿನ ಸ್ಟಿಯರಿಂಗ್

ಒವೀದಿಯೋ ಸತ್ತು ಆರು ವರ್ಷ ಎರಡು ತಿಂಗಳಾದ ಮೇಲೆ ಅವನ ಹೆಸರಿಗೆ ಒಂದು ಪತ್ರ ಬಂತು. ಅವನ ಪ್ರಾಣ ಉಳಿಸಿಕೊಳ್ಳುವ ವಿಚಾರ ಅದರಲ್ಲಿತ್ತು.

ಅಂಚೆಯವನು ಬಂದಾಗ ನೋಲ್ಫಾ ಮಣ್ಣಿನ ಒಲೆಯ ಬಾಯಿಗೆ ತಗಡು ಮುಚ್ಚಿ ಎರಡನೇ ಸುತ್ತಿನ ಬ್ರೆಡ್ಡು ಬೇಯುವುದನ್ನು ಕಾಯುತ್ತಿದ್ದಳು. ವಾಯೆನಾರ್ ಊರಿನ ಮೇಲಿನ ಕೇರಿಯಲ್ಲಿ ಅವಳ ಬ್ರೆಡ್ಡಿಗೆ ಬೆಳಿಗ್ಗೆ ಎಂಟಕ್ಕೇ ಜನ ನಿಲ್ಲುತ್ತಾರೆ. ಲಕೋಟೆಯ ಮೇಲೆ ಗಂಡನ ಹೆಸರು ಕಂಡು ಅವಳು ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅಲ್ಲೇ ಒಡೆದು ಓದಿದಳು. ಗಾಡಿ ಮಾಡಿದ ಕಂಪನಿಯವರು ಬರೆದಿದ್ದರು. ಮಾನ್ಯ ಗ್ರಾಹಕರೇ, ತಮ್ಮ ಪಿಕಪ್ ವಾಹನದ ಸ್ಟಿಯರಿಂಗ್ ರಾಡಿನಲ್ಲಿ ದೋಷ ಇರುವ ಸಂಭವವಿದೆ. ವಾಹನ ಓಡುತ್ತಿರುವಾಗ ಸ್ಟಿಯರಿಂಗಿಗೂ ಮುಂದಿನ ಗಾಲಿಗಳಿಗೂ ಸಂಬಂಧ ತಪ್ಪಿಹೋಗಬಹುದು. ದಯವಿಟ್ಟು ಕೊಪಿಯಾಪೋದ ನಮ್ಮ ಗ್ಯಾರೇಜಿಗೆ ವಾಹನ ತಂದು ಉಚಿತವಾಗಿ ಹೊಸ ರಾಡು ಹಾಕಿಸಿಕೊಳ್ಳಿ. ತಮ್ಮ ಸುರಕ್ಷತೆ ನಮಗೆ ಎಲ್ಲಕ್ಕಿಂತ ಮುಖ್ಯ.

ಅವಳು ಮೂರು ಸಲ ಓದಿದಳು. ಬ್ರೆಡ್ಡು ಸೀದುಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

"ನೋಲ್ಫಕ್ಕಾ, ವಾಸ್ನೆ ಬರ್ತಿದೆ!" ಎಂದು ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೂಗಿದಳು.

"ಬರ್ಲಿ ಬಿಡೇ. ದಿನಾ ಚೆನ್ನಾಗಿರೋದನ್ನ ತಿಂದು ತಿಂದು ನಿಮಗೆ ಕೊಬ್ಬು ಜಾಸ್ತಿಯಾಗಿದೆ" ಎಂದಳು ನೋಲ್ಫಾ. ಮಾತು ಜೋರಾಗಿಯೇ ಬಂತು. ಪತ್ರವನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಈ ಆರು ವರ್ಷ ಅವಳು ಗಂಡನಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕಲ್ಲೆದೆಯವಳು ಅಂತ ಊರು ಆಡಿಕೊಂಡಿತು. ಊರಿಗೇನು, ಆಡಿಕೊಳ್ಳುವುದಕ್ಕೆ ಕಾಸು ಖರ್ಚಿಲ್ಲ. ಅವಳು ಅಳದಿದ್ದದ್ದು ಸಿಟ್ಟಿಗೆ. ಒವೀದಿಯೋ ಬೆಟ್ಟದ ಮೇಲಿನ ಮೇಕೆ ಸಾಕುವವರ ಹತ್ತಿರ ಚೀಸ್ ಕೊಂಡು ತಂದು ಊರಲ್ಲಿ ಮಾರುವವನು. ಸಾಯುವ ಹಿಂದಿನ ದಿನವೆಲ್ಲ ಗೆಳೆಯನ ಮಗಳ ಮದುವೆಯಲ್ಲಿ ಕುಣಿದು, ಬೆಳಗಿನ ಜಾವ ಬಂದು ಎರಡು ತಾಸು ಮಲಗಿ, ಏಳು ಗಂಟೆಗೆ ಗಾಡಿ ಕೀಲಿ ಹುಡುಕಲು ಶುರುಮಾಡಿದ್ದ.

"ಇವತ್ತೊಂದಿನ ಬಿಡು. ನಿದ್ದೆಗಣ್ಣಲ್ಲಿ ಆ ಘಾಟಿ ಇಳೀಬೇಡ."

"ಈ ಬಿಸಿಲಲ್ಲಿ ಚೀಸ್ ಕೆಡದೆ ಇರುತ್ತಾ? ನಿದ್ದೆ ಬಂದ್ರೆ ಪಕ್ಕಕ್ಕೆ ಹಾಕಿ ಮಲಗ್ತೀನಿ. ನಿನ್ನಾಣೆ."

"ನಿನ್ನ ಆಣೆ ಎಷ್ಟು ನೋಡಿಲ್ಲ ನಾನು."

ಅಷ್ಟಂದು ಅವಳು ಗಟ್ಟಿ ಚಹಾ ಕಾಯಿಸಿ ನೀಲಿ ಫ್ಲಾಸ್ಕಿಗೆ ತುಂಬಿ, ಅವನ ಕೈಗೆ ಕೊಡದೆ ಸೀಟಿನ ಮೇಲೆ ಕುಕ್ಕಿ ಬಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಮಧ್ಯಾಹ್ನ ಅವನು ತೋರ್ತೋಲಾಸ್ ಘಾಟಿಯ ಮೂರನೇ ತಿರುವಿನಲ್ಲಿ ತಿರುಗದೆ ನೇರ ಹೋದ. ಪೊಲೀಸರು ಹೋಗುವ ಹೊತ್ತಿಗೆ ಸಂಜೆಯಾಗಿತ್ತು. ಕಣಿವೆಯ ಗಾಳಿ ಆ ಮಣ್ಣುರಸ್ತೆಯನ್ನು ಗುಡಿಸಿಟ್ಟಿತ್ತು, ಬ್ರೇಕ್ ಹಾಕಿದ ಗುರುತು ಒಂದೂ ಉಳಿದಿರಲಿಲ್ಲ. 'ಚಾಲಕನು ನಿದ್ರಿಸಿರುವ ಸಾಧ್ಯತೆ' ಎಂದು ಬರೆದರು. ಆ ಮೂರು ಪದ ಅವಳಿಗೆ ಬಾಯಿಪಾಠ. ಗಾಡಿಯಿಂದ ತಂದುಕೊಟ್ಟ ಸಾಮಾನುಗಳಲ್ಲಿ ಫ್ಲಾಸ್ಕೂ ಇತ್ತು. ಅಲ್ಲಲ್ಲಿ ನೆಗ್ಗಿತ್ತು, ಒಡೆದಿರಲಿಲ್ಲ. ಚಹಾ ತುಂಬಿದಷ್ಟೂ ಹಾಗೇ ಇತ್ತು. ಒಂದು ಗುಟುಕು ಕುಡಿದಿದ್ದರೆ ಅವನು ಪ್ರಯತ್ನವನ್ನಾದರೂ ಮಾಡಿದ ಅಂದುಕೊಳ್ಳುತ್ತಿದ್ದಳೋ ಏನೋ. ಮುಚ್ಚಳವನ್ನೇ ತೆಗೆದಿರಲಿಲ್ಲ ಮಹಾರಾಯ.

ನಮ್ಮ ಕಡೆ ರಸ್ತೆಯಲ್ಲಿ ಸತ್ತವರ ಜೀವ ಸತ್ತ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೆ ಅಲ್ಲೇ ಒಂದು ಪುಟ್ಟ ಗೂಡು ಕಟ್ಟುತ್ತಾರೆ, ಆನಿಮಿತಾ ಅಂತ. ಮೇಣದಬತ್ತಿ ಹಚ್ಚುತ್ತಾರೆ, ಬಾಟಲಿಯಲ್ಲಿ ನೀರಿಡುತ್ತಾರೆ. ಒವೀದಿಯೋನ ಗೂಡು ಕಟ್ಟಿದವನು ಅವನ ಅಣ್ಣ ಕುಸ್ತೋದಿಯೋ. ವೆಲ್ಡಿಂಗ್ ಕೆಲಸದವನು. ಗುಜರಿಗೆ ಹೋಗುವ ಮುಂಚೆ ಗಾಡಿಯಿಂದ ಸ್ಟಿಯರಿಂಗನ್ನು ರಾಡಿನ ಸಮೇತ ಕತ್ತರಿಸಿಕೊಂಡು, ಗೂಡಿನ ಮುಂದೆ ಕಾಂಕ್ರೀಟಿನಲ್ಲಿ ನಿಲ್ಲಿಸಿದ. ಲಾರಿಯವರು ನಿಲ್ಲಿಸತೊಡಗಿದರು. ಘಾಟಿ ಇಳಿಯುವ ಮುಂಚೆ ಆ ಸ್ಟಿಯರಿಂಗನ್ನು ಒಂದು ಸುತ್ತು ತಿರುಗಿಸಿದರೆ ಕ್ಷೇಮ ಎಂಬ ಮಾತು ಹುಟ್ಟಿತು. ತಿರುವಿನ ಒವೀದಿಯೋ ಅಂತ ಹೆಸರೂ ಬಂತು. ಹಳೆಯ ನಂಬರ್ ಪ್ಲೇಟು, 'ಉಪಕಾರ ಮರೆಯೆವು' ಎಂದು ಕೆತ್ತಿಸಿದ ಹಲಗೆ, ಏನೇನೋ ತಂದು ಸಿಕ್ಕಿಸಿದರು.

ನೋಲ್ಫಾ ಒಂದು ದಿನವೂ ಅತ್ತ ಹೋಗಲಿಲ್ಲ. ಬ್ರೆಡ್ಡಿಗೆ ಬಂದ ಲಾರಿಯವನೊಬ್ಬ "ನಿಮ್ಮ ಯಜಮಾನ್ರು ನನ್ನ ಗಾಡಿ ಉಳಿಸಿದ್ರು ದೊನ್ಯಾ" ಎಂದು ಮರ್ಯಾದೆಯಿಂದ ಟೋಪಿ ತೆಗೆದಾಗ, "ತನ್ನ ಗಾಡಿ ಉಳಿಸ್ಕೊಳಕ್ಕಾಗದೋನು ನಿನ್ನ ಗಾಡಿ ಉಳಿಸಿದ್ನಾ? ಎಷ್ಟು ಬ್ರೆಡ್ಡು ಬೇಕು ಹೇಳು" ಎಂದು ಬಾಯಿ ಮುಚ್ಚಿಸಿದ್ದಳು. ಮೈಮರೆತು ನಿದ್ದೆ ಮಾಡಿ ಹೆಂಡತಿಯನ್ನು ನಡುನೀರಿನಲ್ಲಿ ಬಿಟ್ಟವನನ್ನು ಸಂತ ಮಾಡಿ ಕೂರಿಸಿದ್ದಾನೆ ಅಂತ ಭಾವನ ಮೇಲೂ ಅವಳಿಗೆ ಕೋಪ.

ಈಗ ಈ ಪತ್ರ. ಅವನು ನಿದ್ದೆಯೇ ಮಾಡಿರದಿದ್ದರೆ? ಆಣೆಯನ್ನು ಉಳಿಸಿಕೊಂಡಿದ್ದರೆ? ಆಗ ಈ ಆರು ವರ್ಷ ಅವಳು ಯಾರ ಮೇಲೆ ಮುನಿಸಿಕೊಂಡಿದ್ದಳು? ಅವಳಿಗೆ ಗೊತ್ತಾಗಲೇಬೇಕಿತ್ತು.

ಮಾರನೇ ದಿನ ಒಲೆ ಹಚ್ಚದೆ ಬಸ್ಸು ಹತ್ತಿ ಕೊಪಿಯಾಪೋಗೆ ಹೋದಳು. ಗ್ಯಾರೇಜಿನ ಮುಂಬಾಗಿಲ ಮೇಜಿನ ಹಿಂದೆ ಉಗುರಿಗೆ ಹಸಿರು ಬಣ್ಣ ಹಚ್ಚಿಕೊಂಡ ಹುಡುಗಿ ಪತ್ರ ನೋಡಿ ನಕ್ಕಳು.

"ಗಾಡಿ ತಂದಿದ್ದೀರಾ ಸೆನ್ಯೋರಾ?"

"ಗಾಡಿ ಇಲ್ಲ. ಗುಜರಿಗೆ ಹೋಯ್ತು."

"ಯಜಮಾನರು ಬರಬೇಕಿತ್ತು."

"ಅವರೂ ಹೋದ್ರು."

ಹುಡುಗಿ ಕಂಪ್ಯೂಟರ್ ನೋಡಿದಳು, ಅವಳನ್ನು ನೋಡಿದಳು. "ಗಾಡಿ ಇಲ್ದಿದ್ರೆ ಈ ಫೈಲು ಮುಚ್ಚೋಕಾಗಲ್ಲ ಸೆನ್ಯೋರಾ. ಹೊಸ ರಾಡು ಹಾಕಿದೀವಿ ಅಂತ ನಮೂದಿಸಬೇಕು, ಹಳೇದನ್ನ ವಾಪಸ್ ಕಳಿಸಬೇಕು."

"ಮುಚ್ಚು ಅಂತ ನಾನೆಲ್ಲಿ ಹೇಳ್ದೆ ಮಗಳೇ? ನನಗೆ ತೆರೀಬೇಕು."

ಈ ಮಾತು ಕೇಳಿ ಒಳಗಿಂದ ಒಬ್ಬ ಬಂದ. ಐವತ್ತು ದಾಟಿದ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ ಮೆಕ್ಯಾನಿಕ್. ಬರ್ರಾಸಾ ಅಂತ ಅಂಗಿಯ ಮೇಲೆ ಹೆಸರು ಹೊಲಿದಿತ್ತು. ಒಂದು ರಾಡನ್ನು ತಂದು ಮೇಜಿನ ಮೇಲಿಟ್ಟು, ಅವಳಿಗೆ ಕುರ್ಚಿ ಎಳೆದುಕೊಟ್ಟ.

"ನೋಡಿ ದೊನ್ಯಾ. ಇದು ಒಂದೇ ರಾಡಲ್ಲ, ಎರಡು. ಮೇಲಿಂದು ಕೆಳಗಿನದರೊಳಗೆ ಹೋಗಿ ಕೂರುತ್ತೆ. ಹಿಡ್ಕೊಳ್ಳೋಕೆ ಒಳಗೆ ಹಲ್ಲುಗಳಿವೆ. ಆ ವರ್ಷದ ಮಾಲಲ್ಲಿ ಕೆಲವಕ್ಕೆ ಹಲ್ಲು ಸರಿಯಾಗಿ ಕೂತಿರಲಿಲ್ಲ. ಸವೀತಾ ಸವೀತಾ ಒಂದಿನ ಪೂರ್ತಿ ಹೋಗ್ಬಿಡುತ್ತೆ. ಆಗ ಸ್ಟಿಯರಿಂಗ್ ಸುಮ್ನೆ ಸುತ್ತುತ್ತೆ, ಗಾಲಿ ತನ್ನ ಪಾಡಿಗೆ ತಾನು ಹೋಗುತ್ತೆ."

"ನೇರ ಹೋಗುತ್ತಾ?"

"ನೇರನೇ ಹೋಗುತ್ತೆ."

ನೋಲ್ಫಾ ಆ ರಾಡನ್ನು ಮುಟ್ಟಲಿಲ್ಲ. "ನಮ್ಮದು ಆ ಮಾಲಾ ಅಂತ ಹೇಗೆ ಗೊತ್ತಾಗೋದು?"

"ರಾಡಿದ್ರೆ ಗೊತ್ತಾಗುತ್ತೆ. ಅದೂ ಗುಜರಿಗೆ ಹೋಯ್ತಲ್ಲ?"

"ಅದೊಂದು ಹೋಗಿಲ್ಲ. ಭಾವ ಘಾಟೀಲಿ ನೆಟ್ಟಿದ್ದಾರೆ. ತೋರ್ತೋಲಾಸ್ ತಿರುವಲ್ಲಿ."

ಬರ್ರಾಸಾ ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟ. "ತಿರುವಿನ ಒವೀದಿಯೋ... ನಿಮ್ಮ ಯಜಮಾನ್ರಾ?"

"ನೀವೂ ತಿರುಗಿಸಿದೀರಾ?"

"ನಮ್ಮತ್ತೆ ಊರು ಆ ಕಡೇನೇ. ಹೋದಾಗೆಲ್ಲ ತಿರುಗಿಸ್ತೀನಿ." ಅವನ ಮುಖ ಕಪ್ಪಿಟ್ಟಿತು. "ದೊನ್ಯಾ, ಅದರ ಕೆಳಗಿನ ತುದಿ ಹೇಗೆ ನಿಂತಿದೆ, ನಿಮಗೆ ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಅವಳು ಅದನ್ನು ನೋಡಿಯೇ ಇರಲಿಲ್ಲವಲ್ಲ.

ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಸೀದಾ ಕುಸ್ತೋದಿಯೋನ ಅಂಗಳಕ್ಕೆ ಹೋದಳು. ಅವನು ಯಾರದೋ ಗೇಟಿಗೆ ಬಣ್ಣ ಬಳಿಯುತ್ತಿದ್ದ. ನಾದಿನಿಯರಿಲ್ಲದ ಮನೆಯಲ್ಲಿ ಈ ಭಾವನೊಬ್ಬನೇ ಅವಳಿಗೆ ಗಂಡನ ಕಡೆಯವನು, ಆದರೂ ಗೂಡು ಕಟ್ಟಿದಾಗಿನಿಂದ ಇಬ್ಬರದೂ ತಲೆಯಾಡಿಸುವಷ್ಟೇ ಪರಿಚಯ.

"ಭಾವ, ಒಂದು ಮಾತು ಕೇಳ್ತೀನಿ, ಸುತ್ತಿ ಬಳಸದೆ ಹೇಳಿ. ಆ ಸ್ಟಿಯರಿಂಗ್ ನೆಟ್ಟಿರಲ್ಲ, ಕೆಳಗೆ ತಿರುಗೋ ಹಾಗೆ ಏನಾದ್ರೂ ಕೂರಿಸಿದ್ರಾ?"

ಕುಸ್ತೋದಿಯೋನ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಬಣ್ಣ ತೊಟ್ಟಿಕ್ಕಿ ಅವನ ಚಪ್ಪಲಿಯ ಮೇಲೆ ಬಿತ್ತು.

"ಇಲ್ಲ ಕಣಮ್ಮ."

"ಮತ್ತೆ?"

"ಒಂದು ಗೇಣು ಕಾಂಕ್ರೀಟಲ್ಲಿ ಹುಗಿದಿದ್ದೆ. ಅಲ್ಲಾಡಬಾರದು ಅಂತಾನೇ. ಕಾಂಕ್ರೀಟು ಒಣಗಿದ ಮೇಲೆ ಹೋಗಿ ಹಿಡ್ಕೊಂಡೆ. ತಿರುಗ್ತು." ಅವನು ಬ್ರಷ್ಷನ್ನು ಡಬ್ಬಿಯಲ್ಲಿಟ್ಟು ಮಣ್ಣಿನ ಕಟ್ಟೆಯ ಮೇಲೆ ಕುಳಿತ. "ಮೊದಲನೇ ದಿನವೇ ತಿರುಗ್ತು. ಕೆಳಗೆ ಕಲ್ಲಿನ ಹಾಗೆ ಹಿಡಿದಿದೆ, ಮೇಲೆ ತಿರುಗ್ತಿದೆ. ನಾನು... ಅವನೇ ಅಂದ್ಕೊಂಡೆ. ನನ್ನ ತಮ್ಮ ನನ್ನನ್ನ ಮಾತಾಡಿಸ್ತಿದ್ದಾನೆ ಅಂದ್ಕೊಂಡೆ."

"ನಲವತ್ತು ವರ್ಷ ಕಬ್ಬಿಣದ ಜೊತೆ ಬಾಳಿದೋರು ನೀವು!"

"ಬಾಳಿದೋನೇ ಕಣಮ್ಮ. ಬೇರೆ ಯಾರದ್ದಾದ್ರೂ ಆಗಿದ್ರೆ ಅರೆಗಳಿಗೇಲಿ ಹೇಳ್ತಿದ್ದೆ, ಒಳಗೆ ಮುರಿದಿದೆ ಅಂತ. ತಮ್ಮಂದಲ್ವಾ. ಅವನು ಇದ್ದಾನೆ ಅನ್ನೋದು ಬೇಕಾಗಿತ್ತು ನನಗೆ."

ನೋಲ್ಫಾ ಬೈಯಬೇಕೆಂದು ಬಾಯಿ ತೆರೆದಳು. ಆದರೆ ಆ ಮನುಷ್ಯ ಎಪ್ಪತ್ತರ ಹತ್ತಿರ ಬಂದವನು, ಬಣ್ಣ ಬಿದ್ದ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ತಮ್ಮನ ಮೇಲಿನ ಹಂಬಲವನ್ನು ಅವನು ಹಗಲು ಬೆಳಕಿನಲ್ಲಿ, ದಾರಿಯ ಪಕ್ಕದಲ್ಲಿ, ನಾಲ್ಕು ಜನ ಮುಟ್ಟುವ ಹಾಗೆ ನೆಟ್ಟಿದ್ದ. ಅವಳಿಗೆ ಅಷ್ಟೂ ಆಗಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತುಕೊಂಡಳು. ಪತ್ರವನ್ನು ಅವನ ಕೈಗಿಟ್ಟು, ಭಾನುವಾರ ಗ್ಯಾರೇಜಿನ ಬರ್ರಾಸಾ ಬಂದು ಆ ರಾಡನ್ನು ಬಿಚ್ಚಿ ನೋಡುತ್ತಾನೆ ಎಂದಳು.

ಭಾನುವಾರ ಬೆಳಿಗ್ಗೆ ಬರ್ರಾಸಾ ತನ್ನ ಗಾಡಿಯಲ್ಲೇ ಬಂದ. ಹಿಂದೆ ಉದ್ದನೆಯ ರಟ್ಟಿನ ಪೆಟ್ಟಿಗೆ ಇತ್ತು. ಕುಸ್ತೋದಿಯೋ ಜನರೇಟರನ್ನೂ ವೆಲ್ಡಿಂಗ್ ಸಾಮಾನನ್ನೂ ಏರಿಸಿದ. ನೋಲ್ಫಾ ನೀಲಿ ಫ್ಲಾಸ್ಕನ್ನು ಅಟ್ಟದಿಂದ ಇಳಿಸಿ, ತೊಳೆದು, ಚಹಾ ತುಂಬಿಕೊಂಡಳು. ಯಾಕೆ ಅಂತ ಅವಳನ್ನು ಕೇಳಿದ್ದರೆ ದಾರಿಯಲ್ಲಿ ಬಾಯಾರಿಕೆಗೆ ಎನ್ನುತ್ತಿದ್ದಳು.

ಸಮುದ್ರದ ಕಡೆಯಿಂದ ಬಂದ ಮಂಜು ಇನ್ನೂ ಬೆಟ್ಟದ ಸೊಂಟದಲ್ಲಿತ್ತು. ಮೂರನೇ ತಿರುವಿನಲ್ಲಿ ಇಳಿದಾಗ ಅವಳು ಮೊದಲು ಗೂಡು ನೋಡಲಿಲ್ಲ, ಹಲಗೆಗಳನ್ನು ನೋಡಲಿಲ್ಲ. ಸ್ಟಿಯರಿಂಗ್ ನೋಡಿದಳು. ಅದಕ್ಕೆ ಮೇಕೆ ಚರ್ಮದ ಹೊದಿಕೆ ಇತ್ತು. ಅದನ್ನು ಹೊಲಿದವಳು ಅವಳೇ. ಗಾಡಿ ತಂದ ವರ್ಷ, ಬೇಸಿಗೆಯಲ್ಲಿ ಕೈ ಸುಡುತ್ತದೆ ಅಂತ ಅವನು ರಾಗ ಎಳೆದಾಗ, ಒಂದು ಮಧ್ಯಾಹ್ನ ಗೋಣಿಸೂಜಿಯಲ್ಲಿ ಹೊಲಿದುಕೊಟ್ಟಿದ್ದಳು. ನೂಲು ಸಾಲದೆ ಕಡೆಯ ಒಂದು ಗೇಣನ್ನು ಕೆಂಪು ನೂಲಿನಲ್ಲಿ ಮುಗಿಸಿದ್ದಕ್ಕೆ, "ನನ್ನ ಗಾಡೀಗೆ ತುಟಿಗೆ ಬಣ್ಣ ಹಚ್ಚಿದೀಯಲ್ಲೇ" ಅಂತ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಚರ್ಮ ಈಗ ಸವೆದು ಕಾಗದದಂತಾಗಿತ್ತು. ಯಾರು ಯಾರದೋ ಕೈ. ಕೆಂಪು ಹೊಲಿಗೆ ಹಾಗೇ ಇತ್ತು.

ಅವಳು ಅದನ್ನು ಹಿಡಿದು ತಿರುಗಿಸಿದಳು. ತಡೆಯೇ ಇಲ್ಲದೆ ಸುತ್ತಿತು. ಕೆಳಗೆ, ಕಾಂಕ್ರೀಟಿನಿಂದ ಮೇಲೆದ್ದ ರಾಡು ಕೂದಲೆಳೆಯಷ್ಟೂ ಕದಲಲಿಲ್ಲ.

ಕುಸ್ತೋದಿಯೋ ಕೆಳಗಿನ ರಾಡಿನ ಕೊಳವೆಯನ್ನು ಉದ್ದಕ್ಕೆ ಸೀಳಿದ. ಬರ್ರಾಸಾ ಮಂಡಿಯೂರಿ ಒಳಗೆ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ರಾಡಿನ ನಂಬರನ್ನು ಪತ್ರದ ಜೊತೆ ಎರಡು ಸಲ ಹೋಲಿಸಿದ. ಆಮೇಲೆ ಅವಳನ್ನು ಕರೆದು ತೋರಿಸಿದ. ಹಲ್ಲುಗಳಿರಬೇಕಾದ ಜಾಗ ನುಣ್ಣಗಿತ್ತು.

"ಇದೇ ಮಾಲು ದೊನ್ಯಾ. ಬಿದ್ದ ಪೆಟ್ಟಿಗೆ ಮುರಿದಿದ್ರೆ ಸೀಳು ಇರ್ತಿತ್ತು, ಬಾಗಿರ್ತಿತ್ತು. ಇದು ಸವೆದಿರೋದು."

"ಇಷ್ಟು ಜನ ತಿರುಗಿಸಿ ತಿರುಗಿಸಿ ಸವೆದಿದ್ರೆ?" ಅವಳು ಬಿಡುವವಳಲ್ಲ. ಅರೆಬರೆ ಉತ್ತರ ಹಿಡಿದುಕೊಂಡು ಮನೆಗೆ ಹೋಗಲು ಅವಳು ಬಂದಿರಲಿಲ್ಲ.

"ಹಲ್ಲಿದ್ದಿದ್ರೆ ಮೊದಲನೇ ದಿನ ತಿರುಗ್ತಾನೇ ಇರಲಿಲ್ಲ. ನಿಮ್ಮ ಭಾವನೋರು ಮೊದಲನೇ ದಿನ ತಿರುಗ್ತು ಅಂದ್ರಲ್ಲ."

"ಹಾಗಾದ್ರೆ ಅವರು ನಿದ್ದೆ ಮಾಡಿರಲಿಲ್ಲ."

ಬರ್ರಾಸಾ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳುವ ಜಾತಿಯವನಲ್ಲ. "ಅದನ್ನ ನಾನು ಹೇಳಲಾರೆ. ಇಷ್ಟು ಹೇಳ್ತೀನಿ: ಎಷ್ಟೇ ಎಚ್ಚರವಾಗಿದ್ರೂ ಈ ಗಾಡಿ ಇಲ್ಲಿ ತಿರುಗ್ತಿರಲಿಲ್ಲ."

ನೋಲ್ಫಾ ತಿರುವಿನ ಅಂಚಿಗೆ ಹೋಗಿ ನಿಂತಳು. ಕೆಳಗೆ ಕಳ್ಳಿಗಿಡ, ಕಲ್ಲು. ಅವಳು ಕೇಳಬೇಕೆಂದು ಬಂದದ್ದನ್ನು ಕೇಳಿಯಾಗಿತ್ತು. ಮುಚ್ಚಳ ತೆಗೆಯದ ಫ್ಲಾಸ್ಕು ಈಗ ಬೇರೆಯೇ ಹೇಳುತ್ತಿತ್ತು: ಅವನಿಗೆ ಚಹಾ ಬೇಕಾಗಿರಲಿಲ್ಲ, ನಿದ್ದೆ ಬಂದಿರಲಿಲ್ಲ. ಆದರೆ ಸಮಾಧಾನ ಬರಲಿಲ್ಲ. ಆರು ವರ್ಷ ಅವಳ ಕಣ್ಣ ಮುಂದೆ ಮಲಗಿದ ಗಂಡನಿದ್ದ. ಬಾಯಿ ಸ್ವಲ್ಪ ತೆರೆದು, ಗದ್ದ ಎದೆಗೆ ಊರಿ, ಏನೂ ಗೊತ್ತಾಗದೆ ಹೋದ ಗಂಡ. ಅವನನ್ನು ಬೈಯುವುದು ಸುಲಭವಿತ್ತು. ಈಗ ಅವನು ಎಚ್ಚೆತ್ತಿದ್ದ. ಎರಡೂ ಕೈಯಲ್ಲಿ ಕೆಂಪು ಹೊಲಿಗೆಯನ್ನು ಹಿಡಿದು ತಿರುಗಿಸುತ್ತಿದ್ದ, ತಿರುಗಿಸುತ್ತಲೇ ಇದ್ದ.

"ಮಲಗಿದ್ರೇ ಚೆನ್ನಾಗಿತ್ತು ಅವನು" ಎಂದ ಕುಸ್ತೋದಿಯೋ ಹಿಂದಿನಿಂದ. ಅವನಿಗೂ ಅದೇ ಕಂಡಿತ್ತು.

"ಬಿಡಿ ಭಾವ. ಮಲಗಿದೋನ ಮೇಲೆ ಸಿಟ್ಟು ಮಾಡ್ಕೊಂಡು ಸಾಕಾಯ್ತು. ಎದ್ದಿರೋನೇ ಇರ್ಲಿ."

ಬರ್ರಾಸಾ ಪೆಟ್ಟಿಗೆ ತೆರೆದ. ಒಳಗೆ ಎಣ್ಣೆಕಾಗದ ಸುತ್ತಿದ ಹೊಸ ರಾಡು. ಕಂಪನಿಯ ನಿಯಮ ನಿಯಮವೇ: ದೋಷವಿರುವುದು ಸಿಕ್ಕಿದ ಮೇಲೆ ಹೊಸದು ಹಾಕಬೇಕು, ಹಳೆಯದನ್ನು ಒಯ್ಯಬೇಕು. ಫಾರಂ ತುಂಬುತ್ತ ಅವನು ಒಂದು ಗೆರೆಯ ಬಳಿ ತಡೆದ.

"ವಾಹನ ಈಗ ಎಲ್ಲಿದೆ ಅಂತ ಕೇಳಿದ್ದಾರೆ."

"ತೋರ್ತೋಲಾಸ್ ಘಾಟಿ, ಮೂರನೇ ತಿರುವು ಅಂತ ಬರೀರಿ" ಎಂದಳು ನೋಲ್ಫಾ. "ಸುಳ್ಳೇನಲ್ಲವಲ್ಲ."

ಕುಸ್ತೋದಿಯೋ ಹಳೆಯ ರಾಡನ್ನು ಕತ್ತರಿಸಿ ತೆಗೆದು, ಕಾಂಕ್ರೀಟಿನ ಮೇಲೆ ಉಳಿದ ಮೋಟಿಗೆ ಹೊಸ ರಾಡನ್ನು ಸುತ್ತಲೂ ಬೆಸೆದ. ಅಷ್ಟು ಹೊತ್ತು ಅಷ್ಟು ಜಾಗ್ರತೆಯಿಂದ ಅವನು ಯಾವ ಗೇಟನ್ನೂ ಬೆಸೆದಿರಲಾರ. ಬರ್ರಾಸಾ ಅದರ ತಲೆಗೆ ಹಳೆಯ ಸ್ಟಿಯರಿಂಗನ್ನೇ ಕೂರಿಸಿ ನಟ್ಟು ಬಿಗಿದ. ಸ್ಟಿಯರಿಂಗಿನಲ್ಲಿ ದೋಷವಿರಲಿಲ್ಲ, ಅದನ್ನು ಬದಲಾಯಿಸಲು ಯಾರೂ ಹೇಳಿರಲಿಲ್ಲ. ಹಳೆಯ ರಾಡನ್ನು ಪೆಟ್ಟಿಗೆಗೆ ಹಾಕುವಾಗ ಅವನು ಸ್ವಲ್ಪ ಸಂಕೋಚದಿಂದ ಅವಳ ಕಡೆ ನೋಡಿದ.

"ಇದು ರಾಜಧಾನಿಗೆ ಹೋಗಬೇಕು ದೊನ್ಯಾ. ನಿಮಗೆ ಬೇಕು ಅಂದ್ರೆ..."

"ಕಳಿಸಿ. ಅವರೂ ಒಂದ್ಸಲ ತಿರುಗಿಸಿ ನೋಡ್ಲಿ."

ಅವಳು ಫಾರಂಗೆ ಸಹಿ ಹಾಕಿದಳು. 'ದುರಸ್ತಿ ಪೂರ್ಣಗೊಂಡಿದೆ, ವಾಹನ ಸುರಕ್ಷಿತವಾಗಿದೆ' ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ, ಒವೀದಿಯೋನ ಹೆಂಡತಿ ಎಂದು ಬರೆದಳು. ವಿಧವೆ ಎಂದು ಬರೆಯಬೇಕಿತ್ತು, ಕೈ ಹಾಗೆ ಹೋಯಿತು.

ಅಷ್ಟರಲ್ಲಿ ಆಲಿವ್ ಡಬ್ಬಿಗಳ ಲಾರಿಯೊಂದು ಬಂದು ನಿಂತಿತು. ದಪ್ಪ ಹೊಟ್ಟೆಯ ಚಾಲಕ ಇಳಿದು, ಇವರಿಗೆಲ್ಲ ಒಂದು ನಮಸ್ಕಾರ ಎಸೆದು, ರೂಢಿಯಂತೆ ಸ್ಟಿಯರಿಂಗಿಗೆ ಕೈ ಹಾಕಿದ. ಅದು ಕದಲಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದ.

"ಇದೇನು! ತಿರುಗ್ತಾನೇ ಇಲ್ವಲ್ಲ. ಮುನಿಸ್ಕೊಂಡ್ನಾ ಇವನು?"

"ಅವನಲ್ಲಪ್ಪ. ಮುನಿಸ್ಕೊಂಡಿದ್ದೋಳು ನಾನು" ಎಂದಳು ನೋಲ್ಫಾ. "ಈಗ ರಿಪೇರಿಯಾಗಿದೆ. ಹಿಡ್ಕೊಂಡು ಹೋಗು, ಸಾಕು."

ಚಾಲಕನಿಗೆ ಅರ್ಥವಾಗಲಿಲ್ಲ. ಆದರೂ ಹೇಳಿದಂತೆ ಒಂದು ಗಳಿಗೆ ಹಿಡಿದುಕೊಂಡು, ಎದೆಯ ಮೇಲೆ ಶಿಲುಬೆ ಗೀರಿಕೊಂಡು ಹೋದ. ಲಾರಿ ತಿರುವನ್ನು ದಾಟುವವರೆಗೂ ಮೂವರೂ ಅದನ್ನೇ ನೋಡಿದರು.

ಗಂಡಸರು ಸಾಮಾನು ಏರಿಸಲು ಹೋದಾಗ ಅವಳು ಫ್ಲಾಸ್ಕಿನ ಮುಚ್ಚಳ ತೆಗೆದು, ಅದರ ಲೋಟಕ್ಕೆ ಚಹಾ ಬಗ್ಗಿಸಿ ಗೂಡಿನ ಮುಂದೆ ಇಟ್ಟಳು. ಅವತ್ತಿನಂತೆ ಕುಕ್ಕಲಿಲ್ಲ. ಆಮೇಲೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ, ಅವನು ಹಿಡಿಯುತ್ತಿದ್ದ ಜಾಗದಲ್ಲೇ, ಕೆಂಪು ಹೊಲಿಗೆಯ ಮೇಲೆ ಹಿಡಿದಳು. ಬೆಟ್ಟದ ಕಡೆಗೆ, ರಸ್ತೆ ತಿರುಗುವ ಕಡೆಗೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಹೊಸ ರಾಡು ಒಂದಿಷ್ಟೂ ಜಾರಲಿಲ್ಲ. ಕೈ ನೋಯುವಷ್ಟು ಗಟ್ಟಿಯಾಗಿ ಅವಳನ್ನು ಹಿಡಿದುಕೊಂಡಿತು.

"ಇಷ್ಟೇ ಸಾಕಾಗಿತ್ತಲ್ಲೋ ನಿನಗೆ" ಎಂದಳು. ಆರು ವರ್ಷದಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು. ಹಣೆಯನ್ನು ಚರ್ಮಕ್ಕೆ ಆನಿಸಿ ಅವಳು ಅತ್ತಳು. ಬರ್ರಾಸಾ ಗಾಡಿ ಶುರುಮಾಡಿದ್ದವನು ಆರಿಸಿ, ಬಾಗಿಲು ತೆರೆದಿಟ್ಟುಕೊಂಡು ಕಾದ.